ಅತ್ತೆ ಕಲಿತ ಮಾತು

"ಒಂದು ಗುಂಡಿ ತಪ್ಪಿ ಹಾಕಿದ್ದೀಯ ತಾಯಿ. ಬಿಚ್ಚಿ ಹಾಕು, ಇಲ್ದಿದ್ರೆ ಅಕ್ಕ ಎದ್ದು ಬಯ್ತಾರೆ."

ಅತ್ತೆಯ ಹೆಣಕ್ಕೆ ಸೀರೆಯ ಮೇಲೆ ಕಾರ್ಖಾನೆಯ ಅಂಗಿ ತೊಡಿಸುತ್ತಿದ್ದ ಸೊಸೆ ಬೆಚ್ಚಿ ತಿರುಗಿದಳು. ಮಾತು ಅವಳ ತವರಿನ ಭಾಷೆಯದು. ಹನ್ನೊಂದು ವರ್ಷದಲ್ಲಿ ಈ ಮನೆಯೊಳಗೆ ಆ ಭಾಷೆ ಆಡಿದವಳು ಅವಳೊಬ್ಬಳೇ, ಅದೂ ಫೋನಿನಲ್ಲಿ, ತಂಗಿಯ ಜೊತೆ. ಬಂದವಳು ಬಟ್ಟೆ ಕಾರ್ಖಾನೆಯಲ್ಲಿ ಅತ್ತೆಯ ಪಕ್ಕ ಕೂತು ಕಾಜಾ ಹೊಲಿಯುತ್ತಿದ್ದವಳು. ಅವಳು ಕಾಜಾ ಹೊಲಿದರೆ ಅತ್ತೆ ಗುಂಡಿ ಹಚ್ಚುವುದು.

"ನೀವು ನಮ್ಮ ಕಡೆಯೋರಾ? ಅತ್ತೆ ಹೇಳೇ ಇರಲಿಲ್ಲ!"

"ಇಡೀ ದಿನ ನಮ್ಮ ಭಾಷೇಲೇ ಹರಟೆ ಹೊಡೀತಿದ್ವಿ. ಸೂಪರ್‌ವೈಸರಿಗೆ ಗೊತ್ತಾಗದ ಹಾಗೆ ಅವನನ್ನ ಬಯ್ಯೋರು, ನನಗಿಂತ ಚೆನ್ನಾಗಿ."

"ಯಾರು?"

"ನಿಮ್ಮತ್ತೆ, ಇನ್ಯಾರು?"

"ಅವರಿಗೆ ಒಂದಕ್ಷರ ಬರ್ತಿರಲಿಲ್ಲ."

ಕಾಜಾದವಳು ನಾಲಿಗೆ ಕಚ್ಚಿಕೊಂಡಳು.

*

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಮನೆಯ ಭಾಷೆಯಲ್ಲಿ ತಡವರಿಸುತ್ತಿದ್ದಳು. ಎರಡು ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅವಳ ಮಾತನ್ನು ತಾನೇ ಕಲಿತರಾಯಿತಲ್ಲ ಎಂಬ ಹುಚ್ಚು, ಐವತ್ತನಾಲ್ಕರ ವಯಸ್ಸಿನಲ್ಲಿ, ತಲೆಗೆ ಹತ್ತಿತು. ಕಾಜಾದವಳಿಗೆ ದುಂಬಾಲು ಬಿದ್ದು, ಗುಂಡಿಗೊಂದು ಪದದಂತೆ ಎರಡು ವರ್ಷ ಉರು ಹೊಡೆದರು. ಕೊನೆಗೊಂದು ಸಂಜೆ ಮೊದಲ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮನೆಗೆ ಬಂದರು. ಸೊಸೆ ಅಡುಗೆಮನೆಯಲ್ಲಿ ಫೋನಿನಲ್ಲಿದ್ದಳು.

"ನಮ್ಮ ಮುದಿಗೂಬೆ ಬಂತು. ಪರವಾಗಿಲ್ಲ, ನೀನು ಹೇಳು, ಅದಕ್ಕೇನೂ ಗೊತ್ತಾಗಲ್ಲ. ಹೊಟ್ಟೇಲಿರೋದನ್ನೆಲ್ಲ ಹೀಗೆ ನಿನ್ನ ಹತ್ರ ಹೇಳ್ಕೊಳ್ತೀನಲ್ಲ, ಅದಕ್ಕೇ ಈ ಮನೇಲಿ ಬದುಕಿದ್ದೀನಿ ಕಣೇ."

ಅತ್ತೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದುಕೊಂಡು, ಮನೆಯ ಭಾಷೆಯಲ್ಲೇ ಟೀ ಕೇಳಿದರು.

*

"ಸೊಸೇನ ನಮ್ಮ ಭಾಷೇಲೇ ಮಾತಾಡಿಸಿ ಅಂತ ಅಕ್ಕನಿಗೆ ಎಷ್ಟು ಸಲ ಹೇಳಿದೆ," ಎಂದಳು ಕಾಜಾದವಳು, ಇದನ್ನೆಲ್ಲ ಹೇಳಿ ಮುಗಿಸಿ. "'ಅವಳು ಮನಸ್ಸು ಬಿಚ್ಚೋಕೆ ಇರೋದು ಅದೊಂದೇ ಜಾಗ. ಅಲ್ಲಿಗೂ ನಾನು ನುಗ್ಗಲಾ?' ಅಂತಿದ್ರು."

ಒಂಬತ್ತು ವರ್ಷ, ದಿನಾ ಸಂಜೆ. ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನಂದಿದ್ದೆಲ್ಲ ಕೇಳಿಸ್ಕೊಂಡಿದ್ದಾರೆ. ನನ್ನ ಬಗ್ಗೆ ಏನಂತಿದ್ರು? ನಿಜ ಹೇಳಿ."

"ನಗ್ತಿದ್ರು. 'ಬಯ್ಗುಳ ನೀನು ಸರಿಯಾಗಿ ಹೇಳ್ಕೊಡಲಿಲ್ಲ, ಅದನ್ನ ಸೊಸೆಯಿಂದಾನೇ ಕಲಿತೆ' ಅಂತ." ಕಾಜಾದವಳು ಹೆಣದ ಕಾಲರು ಸರಿಮಾಡಿದಳು. "ಒಂದೊಂದು ದಿನ ನಗ್ತಿರಲಿಲ್ಲ."

ಹೊರಗೆ ಗಾಡಿ ಬಂದು ನಿಂತಿತು. ಗಂಡ ಮತ್ತು ಇನ್ನು ಮೂವರು ಅತ್ತೆ ಮಲಗಿದ್ದ ಹಲಗೆಯನ್ನು ಎತ್ತಿ ಬಾಗಿಲಿಗೆ ಬರುತ್ತಲೇ ಸೊಸೆ ಅಡ್ಡ ಬಂದಳು. ಬಗ್ಗಿ, ಅತ್ತೆಯ ಕಿವಿಗೆ ಬಾಯಿ ಹಚ್ಚಿ, ತನ್ನ ಭಾಷೆಯಲ್ಲಿ ಶುರುಮಾಡಿದಳು. ಕ್ಷಮೆ ಕೇಳಿದಳು. ಆಮೇಲೆ ಮಗುವಿನ ಹಲ್ಲುನೋವು, ಬೆಳಿಗ್ಗೆ ಉಕ್ಕಿದ ಹಾಲು, ಸಿಕ್ಕದ ಬೀಗದ ಕೈ, ಒಂದೊಂದಾಗಿ ಹೇಳಿಕೊಳ್ಳತೊಡಗಿದಳು.

"ಅಮ್ಮಂಗೆ ಏನ್ ಅರ್ಥ ಆಗುತ್ತೆ, ಬಿಡೇ," ಎಂದ ಗಂಡ, ಅಳುತ್ತಲೇ.

ಅವಳು ಬಿಡಲಿಲ್ಲ. ಹೊತ್ತವರು ಭಾರಕ್ಕೆ ಕೈ ಬದಲಿಸಿಕೊಳ್ಳುತ್ತ, ಅವಳ ಮಾತು ಮುಗಿಯಲೆಂದು ಹೊಸ್ತಿಲಲ್ಲೇ ನಿಂತರು.