ಕ್ರೆಶೆಂಡೊದ ಮೊದಲ ಸ್ವರ

ಕೇದಾರನಿಗೆ ಮೆಲುದನಿಯ ಅಂದಾಜೇ ಇರಲಿಲ್ಲ.

ಕಾಕ್ಸ್ ಟೌನಿನ ಮೇಲೆ ಭಾನುವಾರದ ಸಂಜೆ ಇಳಿಯುತ್ತಿತ್ತು. ಚರ್ಚಿನ ಗೋಪುರದ ಹಿಂದೆ ಮೋಡಗಳು ಒಂದರ ಮೇಲೊಂದು ಒತ್ತಿ ನಿಂತು, ಬೇಕರಿಯ ಬನ್ನಿನ ಪರಿಮಳವೂ ತೇವಗೊಂಡು ಭಾರವಾಗಿ, ಹೊಸ ಫ್ಲ್ಯಾಟುಗಳ ಗಾಜಿನಲ್ಲಿ ಕಡೆಯ ಬೆಳಕು ತಾಮ್ರದಂತೆ ಕಂದುತ್ತಿತ್ತು... ಮಳೆ ಬಂದಿರಲಿಲ್ಲ, ಬರುವುದರಲ್ಲಿ ಸಂಶಯವೂ ಇರಲಿಲ್ಲ! ಪಿಯಾನೊ ಕಲಿಸುವ ಸೃಷ್ಟಿಯ ಮುಂಗೋಣೆಯಲ್ಲಿ ವೃಂದಗಾನದ ಅಭ್ಯಾಸ ಮುಗಿದು ಎಲ್ಲರೂ ಹೊರಟಿದ್ದರು. ಕೇದಾರನನ್ನು ಮಾತ್ರ ಅವಳು ನಿಲ್ಲಿಸಿಕೊಂಡಿದ್ದಳು. ಅವನಿಗೊಂದು ಮಾತು ಹೇಳುವುದಿತ್ತು, ಅದಕ್ಕೆ ಮೊದಲು ತಪ್ಪೊಂದನ್ನು ತಿದ್ದುವುದಿತ್ತು.

“ಕ್ರೆಶೆಂಡೊ ಅಂದ್ರೆ ಕೂಗೋದಲ್ಲ ಮಹರಾಯ! ಇಲ್ಲಿಂದ ಜೋರಾಗ್ತಾ ಹೋಗ್ಬೇಕು ಅಂತ. ಅಂದ್ರೆ ಶುರು ಮೆತ್ತಗಿರ್ಬೇಕು.”

“ಮೆತ್ತಗೇ ಹಾಡ್ದೆ ಕಣೇ.”

“ಹೂಂ, ಶಿವಾಜಿನಗರ ಬಸ್ ಸ್ಟ್ಯಾಂಡಿಗೂ ಕೇಳಿಸ್ತು.”

ಅವನು ನಕ್ಕ. ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಯಂತ್ರಗಳ ನಡುವೆ ಆರು ವರ್ಷಗಳಿಂದ ದುಡಿಯುತ್ತಿದ್ದವನು. “ಮೊದಲು ಆ ಮಿಷಿನ್ ಸದ್ದಿಗೆ ತಲೆ ಸಿಡೀತಿತ್ತು, ಗೊತ್ತಾ? ಈ ವರ್ಷ ಏನೂ ಅನ್ಸಲ್ಲ. ಆರಾಮ್.”

ಸೃಷ್ಟಿಯ ನಗು ಅರ್ಧದಲ್ಲೇ ನಿಂತಿತು.

“ಆ ಕಡೆ ತಿರುಗಿ ನಿಂತ್ಕೊ. ಕೇಳಿಸಿದ ಕೂಡ್ಲೇ ಕೈ ಎತ್ತು.”

ಪಿಯಾನೊದ ತಾರಸ್ಥಾಯಿಯ ಒಂದೇ ಕೀಯನ್ನು, ಎಲೆಯ ಮೇಲೆ ಬಿದ್ದ ಮೊದಲ ಹನಿಯಷ್ಟು ಹಗುರವಾಗಿ ಮುಟ್ಟಿ, ಪ್ರತಿ ಬಾರಿಯೂ ತುಸು ಏರಿಸುತ್ತ ನುಡಿಸತೊಡಗಿದಳು... ಒಂದು, ಎರಡು, ಮೂರು, ನಾಲ್ಕು. ಆ ಅಗಲವಾದ ಬೆನ್ನು ಅಲುಗಲಿಲ್ಲ. ಐದನೆಯ ಸ್ವರಕ್ಕೆ ಕೈ ಮೇಲೆದ್ದಿತು, ಗೆದ್ದವನ ಹುರುಪಿನಿಂದ!

“ನೋಡ್ದ್ಯಾ? ಶುರುವಿಗೇ ಹಿಡ್ದೆ!”

ಅವಳಿಗೆ ನಂಬಲಾಗಲಿಲ್ಲ. ತಿಂಗಳುಗಳಿಂದ ಎದೆಯಲ್ಲಿ ಕಾಪಿಟ್ಟಿದ್ದ ಮಾತನ್ನು ಇದಾದರೂ ಕೇಳೀತೇನೋ ಎಂದು ಆ ಬೆನ್ನಿಗೆ ಮೆಲ್ಲಗೆ ಹೇಳಿದಳು.

“ನನ್ನನ್ನ ಮದ್ವೆ ಆಗ್ತೀಯಾ?”

ಕೇದಾರ್ ಕೈ ಇಳಿಸಿ, ಗೋಡೆ ನೋಡುತ್ತ ಕಾದು ನಿಂತಿದ್ದ.

“ಇನ್ನೊಂದ್ಸಲ ನುಡಿಸ್ತೀಯೋ, ಹೊರಡ್ಲೋ?”

“ನಾಳೆ ಕೆಲ್ಸಕ್ಕೆ ಹೋಗ್ಬೇಡ. ಕಿವಿ ಡಾಕ್ಟ್ರ ಹತ್ರ ಹೋಗೋಣ,” ಎಂದಳು ಜೋರಾಗಿ.

ಸಹೃದಯರೇ, ಆ ಇನ್ನೊಂದು ಮಾತನ್ನೂ ಹಾಗೆ ಜೋರಾಗಿ ಹೇಳಿದ್ದರೆ ಅವನಿಗೆ ಕೇಳಿಸುತ್ತಿತ್ತು, ನಿಜ. ಆದರೆ ಒಲವಿಗೂ ಒಂದು ಆರೋಹಣವಿದೆ. ಕೂಗಿ ಆರಂಭಿಸಲಾಗದ ಮಾತುಗಳು ಮನುಷ್ಯನ ಬಾಳಿನಲ್ಲಿ ಕೆಲವಾದರೂ ಇರುತ್ತವೆ... ಆ ಸಂಜೆ ಕೇದಾರನಿಗೆ ಕಳೆದುಹೋದದ್ದು ನಾಲ್ಕು ಸ್ವರ, ಮೂರು ಪದ.