ಜಾವಳಕ್ಕೆ ರಜೆ

ಕೂಸು ಎರಡೂ ಕೈ ಚಾಚಿ ನರ್ಗೀಸಳ ಕಡೆಗೆ ವಾಲಿತು. ಭಾಗ್ಯಾ ಸೊಂಟದ ಮೇಲಿನ ಹಿಡಿತ ಬಿಗಿ ಮಾಡಿದಳು. ಆದರೂ ಕೂಸು ಬಿಡಲಿಲ್ಲ. ಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಅಷ್ಟು ಮಂದಿಯ ನಡುವೆ, ಈಗಷ್ಟೇ ಗಾಡಿ ಇಳಿದು ಚಹಾದ ಅಂಗಡಿ ಕಡೆ ಹೊರಟಿದ್ದ ಕಂಡಕ್ಟರ್ ನರ್ಗೀಸಳ ಖಾಕಿ ತೋಳನ್ನು ಹಿಡಿದು ಜಗ್ಗತೊಡಗಿತು.

"ಅಯ್ಯ ನಮ್ಮವ್ವ, ನಾ ನಿಮ್ಮವ್ವ ಅಲ್ಲ. ನಿಮ್ಮವ್ವನ ಗಾಡಿ ಹಿಂದ ಬರಾಕತ್ತೈತಿ," ನರ್ಗೀಸ ಕೂಸಿನ ಗಲ್ಲ ಹಿಂಡಿದಳು. "ನನ್ನ ಕಡೆ ಬಂದಿ ಅಂದ್ರ ನಿನಗೂ ಅರ್ಧಾ ಟಿಕೇಟ ಹರೀಬೇಕಾಗತೈತಿ, ನೋಡ್ಕೋ."

ಸುತ್ತ ನಿಂತವರು ನಕ್ಕರು. ಭಾಗ್ಯಾಳೂ ನಗಬೇಕೆಂದುಕೊಂಡಳು. ಅಷ್ಟರಲ್ಲಿ ನರ್ಗೀಸಳ ಹಿಂದೆ ಕೂಸಿನ ತಾಯಿ, ತನ್ನ ವೈನಿ ರಾಜಶ್ರೀ ನಿಂತಿದ್ದು ಕಣ್ಣಿಗೆ ಬಿತ್ತು. ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ಗಾಡಿ ಯಾವಾಗ ಬಂದು ನಿಂತಿತ್ತೋ, ರಾಜಶ್ರೀ ಯಾವಾಗ ಇಳಿದಿದ್ದಳೋ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ಆದರೆ ನಗು ಬರುವ ಮುಂಚೆ ಅವಳ ಮುಖದ ಮೇಲೆ ಏನೋ ಒಂದು ಹಾದು ಹೋಗಿತ್ತು. ಅದನ್ನು ಭಾಗ್ಯಾ ಒಬ್ಬಳೇ ಕಂಡಿದ್ದಳು.

ಭಾಗ್ಯಾಗೆ ನೋಡುವುದೇ ರೂಢಿ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟವಳು, ನಾಲ್ಕು ಜನರ ಮುಂದೆ ಬಾಯಿ ತೆರೆಯಲಾರಳು. ಅಂಗಡಿಗೆ ಹೋದರೆ ಎಲ್ಲರೂ ಸಾಮಾನು ಕಟ್ಟಿಸಿಕೊಂಡು ಹೋಗುವತನಕ ಮೂಲೆಯಲ್ಲಿ ನಿಂತಿರುತ್ತಿದ್ದಳು. ಅಣ್ಣ ಲಕ್ಷ್ಮಣನ ಹೆಂಡತಿ ಹೆರಿಗೆ ರಜೆ ಮುಗಿಸಿ ಮತ್ತೆ ಕಂಡಕ್ಟರ್ ಕೆಲಸಕ್ಕೆ ಹೋಗತೊಡಗಿದಾಗಿನಿಂದ ಕೂಸು ಕನಕಾ ಭಾಗ್ಯಾಳ ಸೊಂಟದ ಮೇಲೆಯೇ ಬೆಳೆದಿತ್ತು. ವೈನಿಯ ಗಾಡಿ ಕೆರೂರಿಗೆ ಬರುವ ಹೊತ್ತಿಗೆ ಕೂಸನ್ನು ಎತ್ತಿಕೊಂಡು ಸ್ಟ್ಯಾಂಡಿಗೆ ಬರುವುದು ಅವಳ ನಿತ್ಯದ ಕೆಲಸ.

ಸ್ಟ್ಯಾಂಡಿನ ಮೂಲೆಯಲ್ಲಿ ಬಾಣಂತಿಯರು ಹಾಲು ಕುಡಿಸಲಿಕ್ಕೆಂದು ಒಂದು ಸಣ್ಣ ಖೋಲಿ ಇದೆ. ರಾಜಶ್ರೀ ಒಳಗೆ ಬಂದವಳೇ ಟಿಕೇಟಿನ ಮಷೀನು, ಚೀಲ ಎರಡನ್ನೂ ಭಾಗ್ಯಾಳ ಕೈಗೆ ಕೊಟ್ಟಳು. ಸೀರೆಯ ಪಿನ್ನು ಕಿತ್ತು ತುಟಿಗಳ ನಡುವೆ ಹಿಡಿದಳು. ಕೂಸು ಖಾಕಿ ಅಂಗಿಯೊಳಗೆ ಮುಖ ಹುದುಗಿಸಿತು. ಒಂದು ಕೈಯಿಂದ ಕೂಸನ್ನು ಹಿಡಿದೇ ಇನ್ನೊಂದು ಕೈಯಿಂದ ಅದರ ಉಗುರು ನೋಡಿದಳು, ಕಿವಿಯ ಹಿಂದೆ ಒರೆಸಿದಳು, ನೆತ್ತಿ ಮುಟ್ಟಿ ಜ್ವರ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಮುಂಜಾನಿ ಗಂಜಿ ಕುಡೀತಾ?" ಪಿನ್ನು ಕಚ್ಚಿದ ಬಾಯಿಂದಲೇ ಕೇಳಿದಳು.

"ಅರ್ಧ ಕುಡೀತ್ರಿ ವೈನಿ. ಉಳದದ್ದು ನನ್ನ ಮ್ಯಾಲೆ ಉಗುಳಿತು."

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಪಿನ್ನುಗಳು ತಮ್ಮ ಜಾಗಕ್ಕೆ ಹೋದವು. ನೆರಿಗೆ ನೆಟ್ಟಗಾಯಿತು. ಅಂಗಿಗೆ ಗುಂಡಿ ಹಾಕಿದ್ದಾಯಿತು. ಮೊಬೈಲಿನ ಗಾಜಿನಲ್ಲಿ ನೋಡಿಕೊಂಡು ಹರಡಿದ್ದ ಕಾಡಿಗೆಯನ್ನು ಕಿರುಬೆರಳಿನಿಂದ ತೀಡಿಕೊಂಡಳು. ಗುಡಿಯಲ್ಲಿ ಪೂಜಾರಿ ಪರದೆ ಎಳೆದು ತೆಗೆಯುವಷ್ಟರಲ್ಲಿ ದೇವರಿಗೆ ಅಲಂಕಾರ ಆಗಿಬಿಟ್ಟಿರುತ್ತದೆ. ಭಾಗ್ಯಾಗೆ ಪ್ರತಿದಿನ ಅದೇ ನೆನಪಾಗುತ್ತಿತ್ತು. ಪರದೆಯ ಈಚೆ ನಿಂತವರಿಗೆ ಕಾಣದ್ದನ್ನು ತಾನು ಒಳಗೆ ನಿಂತು ಕಾಣುತ್ತಿದ್ದೇನಲ್ಲ ಎಂದು ಅವಳ ಮೈ ಜುಮ್ಮೆನ್ನುತ್ತಿತ್ತು.

ಗಾಡಿಯ ಬಾಗಿಲಲ್ಲಿ ಮಂದಿ ಜೇನಿನಂತೆ ಮುತ್ತಿದ್ದರು. ರಾಜಶ್ರೀ ಮೆಟ್ಟಿಲು ಹತ್ತಿ ನಿಂತಳು.

"ಹಿಂದ ಸರೀರಿ, ಹಿಂದ. ಇಳಿಯೋರಿಗೆ ಮದಲ ದಾರಿ ಬಿಡ್ರಿ. ಮಾವಾ, ಆ ಹೆಂಗಸರ ಸೀಟಿನ ಮ್ಯಾಲೆ ಟಾವೆಲ್ ಒಗದ್ರ ಅದು ನಿಮ್ಮ ಹೊಲ ಆಗಂಗಿಲ್ಲ, ತಗೀರಿ."

ಹುರಿಮೀಸೆಯ ಆ ಮಾವ ತೆಪ್ಪಗೆ ಟಾವೆಲ್ ಎತ್ತಿಕೊಂಡ. ರಾಜಶ್ರೀ ಸೀಟಿ ಊದಿದಳು. ಗಾಡಿ ಹೊರಟಿತು. ಕೂಸು ಭಾಗ್ಯಾಳ ಸೊಂಟದ ಮೇಲೆ ಕಾಲು ಬಡಿಯುತ್ತ ಕುಣಿಯಿತು. ದಿನವೂ ಹಾಗೆಯೇ ಕುಣಿಯುತ್ತಿತ್ತು. ಸೀಟಿಯ ಸಪ್ಪಳಕ್ಕೆ ಎಂದು ಭಾಗ್ಯಾ ತಿಳಿದಿದ್ದಳು.

ಸ್ಟ್ಯಾಂಡಿನ ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತ್ತು. ಸಂಜೆ ರಾಜಶ್ರೀ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು ಅಡುಗೆಮನೆಗೆ ಹೋದಾಗ ಅತ್ತೆ ಹನಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಂಡ ಕಂಡ ಖಾಕಿಗೆಲ್ಲ ಕೈ ಚಾಚತೈತಂತ ಕೂಸು. ನಾಳಿ ಪೊಲೀಸಾಂವ ಬಂದ್ರ ಅವಂಗೂ ಅವ್ವಾ ಅಂತೈತಿ."

ರಾಜಶ್ರೀ ಒಲೆಗೆ ಕಟ್ಟಿಗೆ ಸರಿಸಿದಳು. ಹಿರಿಯರ ಎದುರಿಗೆ ಆ ಮನೆಯ ಸೊಸೆಯ ದನಿ ಒಲೆಯ ಆಚೆ ಹೋಗಬಾರದು. ಬಂದ ದಿನದಿಂದ ಅವಳು ಅದನ್ನು ಪಾಲಿಸಿದ್ದಳು.

"ಹಡದಾಕಿ ಯಾರು ಅನ್ನೂದ ಕೂಸಿಗೆ ತಿಳೀಲಿಲ್ಲಂದ್ರ ಆ ನೌಕರಿ ತಗೊಂಡು ಏನ್ ಮಾಡೂದೈತಿ?" ಹನಮವ್ವ ಮಗನ ಕಡೆ ತಿರುಗಿದಳು. "ನೀ ಯಾಕ ಬಾಯಾಗ ಕಡುಬು ಇಟ್ಕೊಂಡಿ?"

ಕುರಿಗಳಿಗೆ ನೀರು ಇಟ್ಟು ಬಂದಿದ್ದ ಲಕ್ಷ್ಮಣ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. "ಕೂಸು ಅಲ್ಲೇನವ್ವಾ ಅದು," ಎಂದಷ್ಟೇ ಹೇಳಿದ.

"ಆತ್ರಿ ಅತ್ತಿ," ರಾಜಶ್ರೀ ಮೆಲ್ಲಗೆ ಹೇಳಿದಳು. "ಬರೂ ಸೋಮಾರ ಜಾವಳ ಐತಲ್ರಿ. ಅವತ್ತು ಕೂಸು ನನ್ನ ತೊಡಿ ಮ್ಯಾಲೆ ಕುಂಡರದಿದ್ರ ನಾನ ಹೋಗಿ ರಾಜೀನಾಮಿ ಬರದು ಕೊಡ್ತೇನಿ."

ರೊಟ್ಟಿಯ ಸಪ್ಪಳ ನಿಂತಿತು. ಹನಮವ್ವನಿಗೂ ಅಷ್ಟು ಬೇಕಿತ್ತೋ ಇಲ್ಲವೋ. ಆದರೆ ಮಾತು ಮಾತೇ. ಅವರ ಮನೆಯ ಜಾವಳದಲ್ಲಿ ಕೂಸಿನ ಮೊದಲ ಕೂದಲನ್ನು ಸೋದರಮಾವ ಕತ್ತರಿಸಬೇಕು. ಅಂಗಳದಲ್ಲಿ ಕರಿ ಕಂಬಳಿ ಹಾಸಿ, ತಾಯಿ ಅದರ ಮೇಲೆ ಕೂತು, ಕೂಸು ಅವಳ ತೊಡೆಯ ಮೇಲೆ ಇರಬೇಕು. ಬೇರೆಯವರ ತೊಡೆಯ ಮೇಲಿದ್ದರೆ ಮನೆದೇವರು ಬೀರಪ್ಪ ಒಪ್ಪುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಭಾನುವಾರ ಸಂಜೆ ರಾಜಶ್ರೀ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿ ಭಾಗ್ಯಾಳ ಕೈಗೆ ಕೊಟ್ಟಳು.

"ಇದನ್ನ ಟ್ರಂಕಿನಾಗ ಇಡು. ನಾಳಿ ನನ್ನ ಕಣ್ಣಿಗೆ ಬೀಳಬಾರ್ದು."

"ಯಾಕ್ರಿ ವೈನಿ? ಕೂಸು ಅತ್ರ ಇದನ್ನ ತೊಟ್ರ..."

"ಬ್ಯಾಡ." ರಾಜಶ್ರೀ ಅಂಗಿಯ ಕಾಲರನ್ನು ಇನ್ನೊಮ್ಮೆ ಸವರಿದಳು. "ನಾಳಿ ನನಗ ರಜಾ ಐತಿ. ನಾ ಬರೇ ಅವ್ವ. ಅಂಗಿ ನೋಡಿ ಬರೂದಿದ್ರ ಅದು ನನ್ನ ಹಂತ್ಯಾಕ ಬಂದಂಗ ಆಗತೈತೇನ?"

ಭಾಗ್ಯಾ ಅಂಗಿಯನ್ನು ಟ್ರಂಕಿನೊಳಗೆ ಇಟ್ಟಳು.

ಸೋಮವಾರ ಹುನಗುಂದದಿಂದ ತವರಿನವರು ಬಂದರು. ರಾಜಶ್ರೀಯ ಅಣ್ಣ ಹಣಮೇಶ ತಂಗಿಗೆ ಇಳಕಲ್ಲಿನ ರೇಷ್ಮೆ ಸೀರೆ ತಂದಿದ್ದ. ಗರಿಗರಿಯಾದ ಸೀರೆ, ಅಗಲವಾದ ಕೆಂಪು ಸೆರಗು. ಅದನ್ನು ಉಟ್ಟು, ತಲೆ ತುಂಬ ಸೆರಗು ಹೊದ್ದು, ಮೂಗಿಗೆ ದೊಡ್ಡ ನತ್ತು ಇಟ್ಟು, ಗಲ್ಲಕ್ಕೆ ಅರಿಷಿಣ ಹಚ್ಚಿಕೊಂಡು ರಾಜಶ್ರೀ ಹೊರಗೆ ಬಂದಾಗ ಭಾಗ್ಯಾಗೇ ಒಂದು ಗಳಿಗೆ ಗುರುತು ಸಿಗಲಿಲ್ಲ. ದಿನವೂ ಕಾಣುವ ವೈನಿಯೇ, ಆದರೆ ಯಾರೋ ದೊಡ್ಡಮನೆಯ ಹೆಣ್ಣುಮಗಳು ದಾರಿ ತಪ್ಪಿ ಬಂದು ನಿಂತ ಹಾಗಿತ್ತು.

ಕಂಬಳಿ ಹಾಸಿದ್ದರು. ಅರಿಷಿಣದ ಭಂಡಾರದ ಬಟ್ಟಲು, ಎಲೆ ಅಡಿಕೆ, ಹೊಸ ಕತ್ತರಿ ಎಲ್ಲ ಸಿದ್ಧವಾಗಿತ್ತು. ಉಳಿದ ಕೂದಲು ಬೋಳಿಸಲು ಬಂದಿದ್ದ ಹಡಪದ ಸಂಗಪ್ಪ ಕಟ್ಟೆಯ ಮೇಲೆ ಕೂತು ಕತ್ತಿ ಮಸೆಯುತ್ತಿದ್ದ. ಓಣಿಯವರೆಲ್ಲ ಬಂದು ಸುತ್ತುಗಟ್ಟಿದರು.

"ಲೇ ಲಕ್ಷ್ಮಣಾ, ಪುಕ್ಕಟೆ ಕತ್ತರಿ ಆಡಸಂಗಿಲ್ಲ ನಾ," ಹಣಮೇಶ ಬೆರಳಿಗೆ ಕತ್ತರಿ ಸಿಕ್ಕಿಸಿ ತಿರುಗಿಸಿದ. "ಒಂದ ಟಗರು ಕೊಡ್ತೀಯೇನು ಹೇಳು."

"ಕತ್ತರಸಲೆ ಮದಲ. ಕಿವಿ ಉಳದ್ರ ಟಗರು."

ರಾಜಶ್ರೀ ಕಂಬಳಿಯ ಮೇಲೆ ಕೂತು ಕೈ ಚಾಚಿದಳು. "ಬಾ ಕನಕವ್ವಾ, ಬಾ," ಅಂದಳು. ಅತ್ತೆ ಮಾವಂದಿರು, ಬೀಗರು ಎಲ್ಲರ ನಡುವೆ ಆ ದನಿ ಭಾಗ್ಯಾಗೂ ಸರಿಯಾಗಿ ಕೇಳಿಸಲಿಲ್ಲ.

ಕೂಸು ಆ ನತ್ತನ್ನು, ಆ ಸೆರಗನ್ನು ನೋಡಿತು. ತುಟಿ ಸೊಟ್ಟ ಮಾಡಿತು. ಆಮೇಲೆ ಭಾಗ್ಯಾಳ ಕುತ್ತಿಗೆಯನ್ನು ಎರಡೂ ಕೈಯಿಂದ ಅಪ್ಪಿ ಚೀರತೊಡಗಿತು. ಭಾಗ್ಯಾ ಬಿಡಿಸಿ ಕೊಡಲು ನೋಡಿದಳು. ಕೂಸು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಉಸಿರು ಕಟ್ಟಿ ಅತ್ತಿತು. ಮಂದಿ ಒಬ್ಬರ ಮೇಲೊಬ್ಬರು ಬಗ್ಗಿದರು. ಒಬ್ಬಳು ಗಿಲಕಿ ಬಾರಿಸಿದಳು, ಒಬ್ಬಳು ಬೆಲ್ಲ ಹಿಡಿದಳು. ಸುತ್ತು ಇನ್ನೂ ಕಿರಿದಾಯಿತು.

"ಹಡದಾಕಿ ಕೈ ಒಲ್ಲೆ ಅಂತೈತಲ್ಲ," ಎಂದು ಯಾರೋ ಹೆಂಗಸು ಅಂದಳು.

ಹನಮವ್ವ ಸೊಸೆಯನ್ನು ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು, "ನಾ ಏನ್ ಸುಳ್ಳ ಹೇಳಿದ್ನ್ಯಾ?"

ರಾಜಶ್ರೀಯ ಚಾಚಿದ ಕೈಗಳು ಹಾಗೇ ಇದ್ದವು. ಭಾಗ್ಯಾ ಇನ್ನು ತಡೆಯಲಿಲ್ಲ. ಕೂಸನ್ನು ಅಣ್ಣನ ಕೈಗೆ ಹಾಕಿ, ಮಂದಿಯನ್ನು ಭೇದಿಸಿ ಮನೆಯೊಳಗೆ ಓಡಿದಳು. ವೈನಿ ಬೈದರೆ ಬೈಯಲಿ. ಬರೇ ಅವ್ವ ಆಗಲಿಕ್ಕೆ ಹೋಗಿ ನೌಕರಿ ಕಳೆದುಕೊಳ್ಳುವುದಕ್ಕಿಂತ ಅಂಗಿ ತೊಟ್ಟ ಅವ್ವ ಆಗುವುದು ಮೇಲು. ಟ್ರಂಕಿನ ಮುಚ್ಚಳ ತೆಗೆದು ಖಾಕಿ ಅಂಗಿಯನ್ನು ಎದೆಗೆ ಅವಚಿಕೊಂಡಳು. ಇಸ್ತ್ರಿಯ ವಾಸನೆಯ ಅಡಿಯಲ್ಲಿ ಡೀಸೆಲ್ಲಿನ, ಹಾಲಿನ ವಾಸನೆ ಇತ್ತು.

ಆಗ ಅಂಗಳದಿಂದ ಆ ದನಿ ಬಂತು.

"ಹಿಂದ ಸರೀರಿ, ಹಿಂದ. ಎಲ್ಲಾರೂ ಹಿಂದ. ಕೂಸಿಗೆ ಗಾಳಿ ಬ್ಯಾಡೇನ್ರಿ? ಯಕ್ಕಾ, ಆ ಗಿಲಕಿ ಕೆಳಗ ಇಡ್ರಿ."

ಒಳಗಿದ್ದ ಭಾಗ್ಯಾ ತನಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಹೊರಗೆ ಎಷ್ಟೋ ಕಾಲುಗಳು ಸರಿದಾಡಿದ ಸಪ್ಪಳ. ಆಮೇಲೆ ಎಲ್ಲ ಸ್ತಬ್ಧ. ಕೂಸಿನ ಅಳು ಕೂಡ.

ಅವಳು ನಡುಮನೆಯ ಕಿಟಕಿಗೆ ಬಂದು ನೋಡಿದಳು. ಅಂಗಳದ ಮಂದಿಯೆಲ್ಲ ಗೋಡೆಗೆ ಅಂಟಿ ನಿಂತಿದ್ದರು. ಹಣಮೇಶ ಕತ್ತರಿ ಹಿಡಿದುಕೊಂಡೇ ತುಳಸಿಕಟ್ಟೆಯತನಕ ಹೋಗಿದ್ದ. ಹನಮವ್ವ ಕೂಡ ಸರಿದು ಕಂಬದ ಪಕ್ಕ ನಿಂತಿದ್ದಳು, ಯಾಕೆ ಸರಿದೆನೋ ತಿಳಿಯದವಳ ಹಾಗೆ. ನಡುವೆ ಕಂಬಳಿಯ ಮೇಲೆ ರಾಜಶ್ರೀ ಒಬ್ಬಳೇ. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು. ಅವಳಿಗೆ ಅದರ ಖಬರಿರಲಿಲ್ಲ.

ಲಕ್ಷ್ಮಣನ ಕೈಯಲ್ಲಿದ್ದ ಕೂಸು ತೆರೆದ ಬಾಯಿ ಹಾಗೇ ಇಟ್ಟುಕೊಂಡು, ಆ ದನಿ ಎಲ್ಲಿಂದ ಬಂತೆಂದು ಹುಡುಕುತ್ತಿತ್ತು. ಕೆನ್ನೆಯ ಮೇಲೆ ಕಣ್ಣೀರು ಇನ್ನೂ ಇಳಿಯುತ್ತಿತ್ತು.

ಕೂಸಿಗೆ ಗುರುತಿರುವುದು ಈ ದನಿ ಎಂದು ರಾಜಶ್ರೀಗೂ ಆಗಲೇ ಗೊತ್ತಾಯಿತೆಂದು ಕಾಣುತ್ತದೆ. ಅವಳು ಕೂಸಿನ ಕಡೆಗೆ ಪೂರ್ತಿ ತಿರುಗಿ ಕೂತಳು. ನಂತರ ಅದೇ ದನಿಯಲ್ಲಿ, ಸ್ಟ್ಯಾಂಡಿನ ತುಂಬ ಕೇಳುವ ದನಿಯಲ್ಲಿ ಕರೆದಳು.

"ಯಾರ್ರಿ ಟಿಕೇಟ, ಟಿಕೇಟ? ಕನಕವ್ವಾ, ನಿಂದು ಆತೇನ ಟಿಕೇಟ?"

ಕೂಸಿನ ಕಾಲುಗಳು ಲಕ್ಷ್ಮಣನ ಹೊಟ್ಟೆಗೆ ಬಡಿಯತೊಡಗಿದವು. ಅದು ಕುಣಿಯಿತು. ಕೈ ಚಾಚಿತು. ನತ್ತು, ಅರಿಷಿಣ, ಗರಿಗರಿ ರೇಷ್ಮೆ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಬಗ್ಗಿದ ಅಪ್ಪನ ಕೈಯಿಂದ ತಾಯಿಯ ತೊಡೆಗೆ ಜಾರಿ, ಸೆರಗಿನ ಒಳಗೆ ಹಾಲು ಹುಡುಕತೊಡಗಿತು.

"ಬಾರೋ ಅಣ್ಣಾ, ಗಾಡಿ ಬಿಡ್ತೈತಿ," ರಾಜಶ್ರೀ ಅಂದಳು. ಕಣ್ಣಿನಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

ಹಣಮೇಶ ಓಡಿ ಬಂದು ಕಂಬಳಿಯ ಅಂಚಿನಲ್ಲಿ ಮೊಣಕಾಲೂರಿದ. ಕತ್ತರಿ ಕಚಕ್ಕೆಂದಿತು. ಕರಿ ಕೂದಲಿನ ಒಂದು ಎಳೆ ವೀಳ್ಯದೆಲೆಯ ಮೇಲೆ ಬಿತ್ತು. ಯಾರೋ ಭಂಡಾರ ಹಾರಿಸಿದರು. ಹಳದಿ ಪುಡಿ ತಾಯಿ ಮಗಳಿಬ್ಬರ ಮೇಲೂ ಇಳಿಯಿತು.

ಹನಮವ್ವ ಕಂಬ ಬಿಟ್ಟು ಬಂದಳು. ಬಗ್ಗಿ, ಜಾರಿದ ಸೆರಗನ್ನು ಎತ್ತಿದಳು. ತಲೆಗೆ ಹೊದಿಸಬೇಕೋ ಬೇಡವೋ ಎಂದು ಒಂದು ಗಳಿಗೆ ಹಿಡಿದು ನಿಂತು, ಕೊನೆಗೆ ಅದನ್ನು ಕೂಸಿನ ಕಾಲ ಮೇಲೆ ಬಿಸಿಲು ಬೀಳದ ಹಾಗೆ ಹಾಕಿದಳು.

"ನಾಳಿ ಮುಂಜಾನಿ ಮದಲನೇ ಗಾಡೀನ ಏನು ನಿಂದು?" ಕೇಳಿದಳು.

"ಹೌದ್ರಿ ಅತ್ತಿ."

"ರೊಟ್ಟಿ ಈಗ ಬಡದ ಇಡ್ತೇನಿ, ಹಂಗಾರ."

ಒಳಗೆ ಭಾಗ್ಯಾ ಅಂಗಿಯನ್ನು ಮತ್ತೆ ಮಡಚಲು ಹೋದಳು. ನಾಳೆ ಬೇಕಲ್ಲ ಎಂದು ನೆನಪಾಗಿ, ಗೂಟಕ್ಕೆ ತೂಗುಹಾಕಿ, ವೈನಿ ಮಾಡುವ ಹಾಗೆ ಕುತ್ತಿಗೆಯ ಗುಂಡಿ ಹಾಕಿ, ಹೆಗಲನ್ನು ಎಳೆದು ಸರಿ ಮಾಡಿದಳು. ಹೊರಗೆ ಹೋಗಬೇಕೆಂದು ತಿರುಗಿದರೆ ಹೊಸ್ತಿಲ ಮೇಲೆ ಆಡಿನ ಮರಿಯೊಂದು ಅಡ್ಡ ನಿಂತಿತ್ತು. ದಿನವೂ ಅದು ಹಾಗೆ ನಿಂತರೆ ಅವಳು ಬಾಗಿ, ಎತ್ತಿ, ಪಕ್ಕಕ್ಕೆ ಇಟ್ಟು ಹೋಗುತ್ತಿದ್ದಳು.

ಅವಳು ಸುತ್ತ ನೋಡಿದಳು. ಮನೆಯಲ್ಲಿ ಯಾರೂ ಇರಲಿಲ್ಲ.

"ಹಿಂದ ಸರೀರಿ," ಅಂದಳು.

ಮರಿ ಕಿವಿ ನಿಗುರಿಸಿ ಅವಳನ್ನು ನೋಡಿತು. ಆಮೇಲೆ ಒಂದೊಂದೇ ಹೆಜ್ಜೆ ಹಿಂದಿಟ್ಟು ದಾರಿ ಬಿಟ್ಟಿತು.