ಎಡಗಡೆ ಖಾಲಿ ಐತೆ

೧

ಒಡೆದ ಕನ್ನಡಿಯಿಂದ ಶುರು ಮಾಡಿದರೆ ನೀವು ಇದೇನೋ ಸಂಕೇತ ಇರಬೇಕೆಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತೀರಿ. ಕಂಬಳಿಯಿಂದ ಶುರು ಮಾಡಿದರೆ ಹೊದ್ದು ಮಲಗಿಬಿಡುತ್ತೀರಿ. ಎರಡೂ ಬೇಡ. ಓಬಮ್ಮನಿಂದಲೇ ಶುರು ಮಾಡುತ್ತೇನೆ. ಅವಳಿಲ್ಲದೆ ಕನ್ನಡಿಯೂ ಇಲ್ಲ, ಕಂಬಳಿಯೂ ಇಲ್ಲ.

ಓಬಮ್ಮ ತಾಳ್ಯದವಳು, ಐವತ್ತು ದಾಟಿದವಳು. ಕಂಬಳಿ ಮಾರುತ್ತಾಳೆ. ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ಎಲ್ಲಿ ಸಂತೆಯಿದ್ದರೂ ಒಂದು ಹಳೇ ವ್ಯಾನಿನಲ್ಲಿ ಕಂಬಳಿ ತುಂಬಿಕೊಂಡು ತಾನೇ ಓಡಿಸಿಕೊಂಡು ಹೋಗುತ್ತಾಳೆ. ಪಕ್ಕದ ಸೀಟಿನಲ್ಲಿ ಗಂಡ ಕರಿಸಿದ್ದಪ್ಪ. ಆತ ಅವಳ ತಾಯಿಯ ತಮ್ಮ. ಹಾಗಾಗಿ ಮದುವೆಗೆ ಮುಂಚೆಯೂ 'ಮಾವ', ಮದುವೆಯಾದ ಮೇಲೂ 'ಮಾವ'.

(ನಾನು ಯಾರು ಅಂದಿರಾ? ಚೈತ್ರಾ. ಹೊಳಲ್ಕೆರೆಯಲ್ಲಿ ಮೇಷ್ಟ್ರಮ್ಮ. ಕಂಬಳಿ ಕೊಳ್ಳಲು ಹೋಗಿ ಕಥೆ ಹೊದ್ದುಕೊಂಡು ಬಂದವಳು.)

೨

ಈಗ ಕನ್ನಡಿ. ಇಕ್ಕಟ್ಟಾದ ಊರ ರಸ್ತೆಯಲ್ಲಿ ಜೋಳದ ಸೊಪ್ಪೆ ಹೇರಿಕೊಂಡಿದ್ದ ಟ್ರ್ಯಾಕ್ಟರ್ ಒಂದು ವ್ಯಾನಿನ ಎಡಗಡೆಯ ಕನ್ನಡಿಯನ್ನು ಒಡೆದು ಕಿತ್ತುಕೊಂಡು ಹೋಯಿತು. ವ್ಯಾನಿನ ಹಿಂಬದಿ ಚಾವಣಿವರೆಗೂ ಕಂಬಳಿ ತುಂಬಿರುವುದರಿಂದ ಒಳಗಿನ ಕನ್ನಡಿಯಲ್ಲಿ ಕಾಣುವುದು ಬರೀ ಕರಿ ಉಣ್ಣೆ. ಎಡಗಡೆ ಯಾರು ಬಂದರು, ಯಾರು ಹೋದರು ಎಂದು ತಿಳಿಯಲು ಅದೊಂದೇ ಕನ್ನಡಿ ಇದ್ದದ್ದು.

"ಹೊಸಾದು ಹಾಕ್ಸಾಣ," ಅಂದಳು ಓಬಮ್ಮ.

"ನಾನಿಲ್ವೇನೆ? ನಾನಿರೋಗಂಟ ಕನ್ನಡಿ ಯಾಕೆ?" ಅಂದ ಕರಿಸಿದ್ದಪ್ಪ.

ಅದು ಬರೀ ಜಂಬದ ಮಾತಲ್ಲ. ಕುರಿ ಕಾಯುತ್ತಿದ್ದಾಗ ಹಿಂಡಿನಲ್ಲಿ ಒಂದು ಮರಿ ಕಡಿಮೆಯಾದರೂ ಎಣಿಸದೆಯೇ ಹೇಳುತ್ತಿದ್ದ ಕಣ್ಣು ಅವನದು. ಮಂಡಿನೋವು ಬಂದು ಹಿಂಡನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ಜಗಲಿಯ ಮೇಲೆ ಕೂತೂ ಕೂತೂ ಬೇಸತ್ತಿದ್ದ. ಈಗ ಮತ್ತೆ ಕಣ್ಣಿಗೊಂದು ಕೆಲಸ ಸಿಕ್ಕಿತು. ಓಬಮ್ಮ ಎಡಕ್ಕೆ ತಿರುಗಿಸುವ ಮುಂಚೆ "ಮಾವ?" ಅನ್ನುವಳು. ಅವನು ಕಿಟಕಿಯಾಚೆ ಕತ್ತು ಹಾಕಿ ನೋಡಿ "ಬಾ, ಖಾಲಿ ಐತೆ" ಅನ್ನುವನು. ಹೀಗೇ ನಡೆಯಿತು. ಚೆನ್ನಾಗಿಯೇ ನಡೆಯಿತು.

೩

(ಈ ಭಾಗ ಹರಿದು ಹಾಕಿದ್ದು. ಆದರೂ ಹೇಳಿಬಿಡುತ್ತೇನೆ.)

ಮೊದಲ ಡ್ರಾಫ್ಟಿನಲ್ಲಿ ನಾನು ಹೈವೇಯಲ್ಲಿ ಒಂದು ಭೀಕರ ಅಪಘಾತ ಬರೆದಿದ್ದೆ. ರಕ್ತ, ಆಂಬ್ಯುಲೆನ್ಸ್, ರಸ್ತೆ ತುಂಬ ಚೆಲ್ಲಿದ ಕಂಬಳಿಗಳು, ಬೈಕಿನಲ್ಲಿ ಬಂದ ಒಂದು ಸಂಸಾರದ ಸಾವು. ಬಲು ಖುಷಿಯಿಂದ ಅದನ್ನು ಓಬಮ್ಮನಿಗೆ ಫೋನಿನಲ್ಲಿ ಓದಿದೆ.

"ಮೇಡಮ್ಮಾರೆ, ಅವರು ಯಾರೂ ಸತ್ತಿಲ್ಲ. ನೀವ್ಯಾಕೆ ಸಾಯ್ಸಿದ್ರಿ?"

"ಕಥೆಗೆ ಒಂದು ಬಿಗಿ ಬೇಕಲ್ಲ ಓಬಕ್ಕ."

"ಬಿಗಿ ಬೇಕಂದ್ರೆ ಮಗ್ಗದ ನೂಲು ಬಿಗಿ ಮಾಡ್ಕಳ್ರಿ. ಆ ತಾಯಿ ಮಗ ಬದುಕ್ಕೊಂಡಿದ್ದೇ ನಮ್ಮ ಪುಣ್ಯ. ನಡೆದಂಗೆ ಬರೀರಿ."

ನಡೆದ ಹಾಗೆ ಬರೆಯುವುದು ಎಷ್ಟು ಕಷ್ಟ ಅಂತ ಅವಳಿಗೇನು ಗೊತ್ತು! ಇರಲಿ. ಬರೆಯುತ್ತೇನೆ.

೪

ಹಿರಿಯೂರಿಗೆ ಹೋಗುತ್ತಿದ್ದರು. ಐಮಂಗಲದಲ್ಲಿ ಒಬ್ಬರಿಗೆ ಎರಡು ಕಂಬಳಿ ಕೊಡುವುದಿತ್ತು. ಹೈವೇಯಿಂದ ಎಡಕ್ಕೆ ಸರ್ವಿಸ್ ರೋಡಿಗೆ ಇಳಿಯಬೇಕು. ಪಕ್ಕದಲ್ಲಿ ಲಾರಿಗಳ ಭೋರ್ಗರೆತ.

"ಮಾವ?"

"ಬಾ, ಖಾಲಿ ಐತೆ."

ಓಬಮ್ಮ ತಿರುಗಿಸಿದಳು. ಕಿವಿ ಹರಿದುಹೋಗುವಂಥ ಹಾರನ್. ಎಡಗಡೆಯಲ್ಲೇ, ಬಾಗಿಲಿನ ಪಕ್ಕದಲ್ಲೇ, ಒಂದು ಬೈಕು. ಅದರ ಮೇಲೆ ಗಂಡ, ಹೆಂಡತಿ, ನಡುವೆ ಮಗು. ಬೈಕು ಮಣ್ಣಿಗೆ ಇಳಿದು, ತೂರಾಡಿ, ಧೂಳೆಬ್ಬಿಸಿ ನಿಂತಿತು. ಬೀಳಲಿಲ್ಲ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಬೈಕಿನವನ ಹೆಸರು ಬಸವೇಶ್. ಹೆಲ್ಮೆಟ್ ಕಿತ್ತುಕೊಂಡು ಬಂದ.

"ಏನಮ್ಮ, ಕಣ್ಣು ಕಾಣಲ್ವಾ? ಕನ್ನಡಿ ಎಲ್ಲೈತೆ ನಿನ್ ಗಾಡಿಗೆ?"

ಓಬಮ್ಮ ಗಾಡಿ ಆಫ್ ಮಾಡಿದಳು. "ಕನ್ನಡಿ ಇಲ್ಲಪ್ಪ. ನಮ್ ಮಾವನೇ ನೋಡ್ತಾನೆ," ಅಂದಳು. ಹೇಳಿದ ಮೇಲೆ ಅದೆಂಥ ಮಾತು ಅನ್ನುವುದು ಅವಳಿಗೇ ಹೊಳೆಯಿತು. "ತಪ್ಪಾತು ಕಣಪ್ಪ. ಮಗೀಗೆ ಏನೂ ಆಗ್ಲಿಲ್ವಲ್ಲ?"

ಬಸವೇಶನ ಹೆಂಡತಿ ಮೀನಾಕ್ಷಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹತ್ತಿರ ಬಂದಳು. ಬೈಯಲೆಂದೇ ಬಂದವಳು, ಸೀಟಿನಲ್ಲಿ ಬೆವರಿ ಬಿಳುಚಿಕೊಂಡಿದ್ದ ಮುದುಕನನ್ನು ನೋಡಿ ಬೈಗುಳ ನುಂಗಿಕೊಂಡು ನೀರಿನ ಬಾಟಲಿಯನ್ನು ಎಡಗಡೆಯ ಕಿಟಕಿಯೊಳಗೆ ಚಾಚಿದಳು.

"ತಗಳ್ರಿ ಅಜ್ಜ, ಒಂದ್ ಗುಟುಕು ಕುಡೀರಿ."

ಬಾಟಲಿ ಕರಿಸಿದ್ದಪ್ಪನ ಕೆನ್ನೆಯ ಪಕ್ಕದಲ್ಲೇ ಇತ್ತು. ಅವನು ನೇರ ರಸ್ತೆಯನ್ನೇ ನೋಡುತ್ತಿದ್ದ. ದನಿ ಬಂದತ್ತ ಕೈ ಎತ್ತಿದ. ಕೈ ಗಾಳಿಯಲ್ಲಿ ತಡಕಾಡಿತು, ಬಾಗಿಲಿಗೆ ಬಡಿಯಿತು. ಆಮೇಲೆ ಬಾಟಲಿ ಸಿಕ್ಕಿತು.

ಓಬಮ್ಮ ನೋಡಿದಳು.

೫

ಬೈಕು ಹೋದ ಮೇಲೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕೇಳಿದಳು.

"ಎಡಗಣ್ಣು ಯಾವಾಗಿಂದ ಕಾಣ್ತಿಲ್ಲ?"

ಕರಿಸಿದ್ದಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

"ದೀಪಾವಳಿಯಿಂದ ಮಂಜು ಮಂಜು. ಈಗ ಅದೂ ಇಲ್ಲ."

"ಮತ್ತೆ ಖಾಲಿ ಐತೆ ಅಂತ ಹೆಂಗೆ ಹೇಳ್ತಿದ್ದೆ?"

"ಹಿಂದಕ್ಕೆ ತಿರುಗಿದ್ರೆ ಬಲಗಣ್ಣಿಗೆ ಮೂಗೇ ಅಡ್ಡ. ಆದ್ರೂ ಕಿವಿ ಐತಲ್ಲ. ಸದ್ದು ಬಂದ್ರೆ ತಡಿ ಅಂತಿದ್ದೆ. ಇವತ್ತು ಲಾರಿ ಸದ್ದಲ್ಲಿ ಬೈಕು ಕೇಳ್ಸಲಿಲ್ಲ."

"ಹೇಳ್ಬಾರ್ದಾಗಿತ್ತಾ ಮಾವ? ಆ ಮಗು ಏನಾರ ಬಿದ್ದಿದ್ರೆ?"

"ಹೇಳಿದ್ರೆ ನೀನು ಕನ್ನಡಿ ಹಾಕುಸ್ತಿದ್ದೆ." ಅವನ ದನಿ ಇಳಿಯಿತು. "ಕನ್ನಡಿ ಬಂದ್ಮೇಲೆ ನಾನ್ಯಾಕೆ ಬೇಕು? ಮನೇಲಿರು ಅಂತಿದ್ದೆ."

ಓಬಮ್ಮ ಅಳಲಿಲ್ಲ. (ಎರಡನೇ ಡ್ರಾಫ್ಟಿನಲ್ಲಿ ಅಳುವಂತೆ ಬರೆದಿದ್ದೆ. ಅದನ್ನೂ ತೆಗೆಸಿದಳು.) ಅವಳಿಗೆ ಕೆಂಡದಂಥ ಸಿಟ್ಟು ಬಂದಿತ್ತು.

"ನೀನು ನೋಡ್ತೀಯ ಅಂತ ನಿನ್ನ ಕುಂದ್ರುಸ್ಕಂಡಿದ್ನಾ? ಬಾಯಿ ಮುಚ್ಕೊಂಡು ಒಬ್ಳೇ ಅಷ್ಟು ದೂರ ಗಾಡಿ ಓಡ್ಸಕ್ಕೆ ನಂಗೆ ಬೇಜಾರು ಕಣೋ!"

ಅವತ್ತು ಹಿರಿಯೂರಿಗೆ ಹೋಗಲಿಲ್ಲ. ಎರಡು ಕಂಬಳಿ ಕೊಟ್ಟು, ಗಾಡಿಯನ್ನು ಚಿತ್ರದುರ್ಗದ ಕಡೆಗೆ ತಿರುಗಿಸಿದಳು.

೬

ಇಲ್ಲಿ ಕರಿಸಿದ್ದಪ್ಪನ ತಕರಾರು ಸೇರಿಸಬೇಕು. ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡು ಕೇಳಿದ್ದು:

"ನನ್ನ ಕುರುಡ ಅಂತ ಬರ್ದಿದ್ದೀರೇನು?"

"ಇಲ್ಲ ಅಜ್ಜ. ಎಡಗಣ್ಣು ಕಾಣ್ತಿರ್ಲಿಲ್ಲ ಅಂತ ಅಷ್ಟೇ."

"ಕಾಣ್ತಿರ್ಲಿಲ್ಲ ಅಲ್ಲ, ಪೊರೆ ಬಂದಿತ್ತು. ಪೊರೆ ಅಂತ ಬರೀರಿ. ಆಮೇಲೆ ಸುಳ್ಳು ಹೇಳ್ದ ಅಂತ ಬೇಡ."

"ಹೇಳಿದ್ರಲ್ಲ ಅಜ್ಜ?"

ಅವನು ಯೋಚಿಸಿದ. "ಹೂಂ. ಹೇಳ್ದೆ. ಬರ್ಕಳ್ರಿ ಹೋಗ್ಲಿ."

೭

ಚಿತ್ರದುರ್ಗದಲ್ಲಿ ಮೊದಲು ಕಣ್ಣಿನ ಡಾಕ್ಟರು. ಪೊರೆ ಬಲಿತಿದೆ, ಆಪರೇಷನ್ ಮಾಡಿದರೆ ಕಾಣುತ್ತದೆ, ಮುಂದಿನ ವಾರ ಬನ್ನಿ ಅಂದರು. ಆಮೇಲೆ ಗ್ಯಾರೇಜು. ಯೋಗೇಶ್ ಎಂಬಾತ ಹೊಸ ಕನ್ನಡಿ ಕೂರಿಸಿ, ಅಮ್ಮಾ, ಕೂತು ನೋಡಿ ಸರಿ ಮಾಡ್ಕಳ್ರಿ ಅಂದ.

ಓಬಮ್ಮ ಸ್ಟೇರಿಂಗ್ ಹಿಂದೆ ಕೂತಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಮಾವ, ಹಿಂದೆ ಹೋಗಿ ನಿಂತ್ಕ. ಮೆಲ್ಲಕೆ ಮುಂದಕ್ಕೆ ಬಾ."

ಕರಿಸಿದ್ದಪ್ಪ ವ್ಯಾನಿನ ಹಿಂದಿನಿಂದ ಎಡಗಡೆ ನಡೆದು ಬಂದ. ಕನ್ನಡಿಯಲ್ಲಿ ಮೊದಲು ಪೇಟ ಕಂಡಿತು, ಆಮೇಲೆ ಆಳೇ ಕಂಡ. ಹತ್ತಿರವಾದ, ದೊಡ್ಡವನಾದ, ಇದ್ದಕ್ಕಿದ್ದಂತೆ ಮಾಯವಾದ.

"ಲೇ! ಎಲ್ಲೋದೆ?"

"ಇಲ್ಲೇ ಐದೀನಲ್ಲೇ!"

ದನಿ ಪಕ್ಕದಲ್ಲೇ. ಕನ್ನಡಿಯಲ್ಲಿ ಬರೀ ಗ್ಯಾರೇಜಿನ ಗೋಡೆ. ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ಮತ್ತೆ ನಡೆಸಿದಳು. ಮಾಯವಾಗುವ ಜಾಗ ಚಿಕ್ಕದಾಯಿತು, ಹೋಗಲಿಲ್ಲ. ಬೆಳಿಗ್ಗೆ ಬೈಕು ಇದ್ದದ್ದು ಸರಿಯಾಗಿ ಆ ಜಾಗದಲ್ಲೇ.

ಕರಿಸಿದ್ದಪ್ಪ ಕಿಟಕಿಯೊಳಗೆ ಮುಖ ಇಟ್ಟ. ಬೆಳಗಿನಿಂದ ಮೊದಲ ಸಲ ನಗುತ್ತಿದ್ದ.

"ನಿನ್ನ ಹೊಸಾ ಕನ್ನಡಿಗೂ ಪೊರೆ ಬಂದೈತೆ ಕಣೆ."

ಓಬಮ್ಮನಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ನಗುವುದನ್ನು ನೋಡಿ ಯೋಗೇಶ್, ಕನ್ನಡಿ ಸರಿಯಿಲ್ವೇನೋ ಅಂತ ಗಾಬರಿಯಾದನಂತೆ.

ಅವತ್ತಿನಿಂದ ಅವರದೊಂದು ರೂಢಿ. ಎಡಕ್ಕೆ ತಿರುಗುವ ಮುಂಚೆ ಓಬಮ್ಮ ಕನ್ನಡಿ ನೋಡುತ್ತಾಳೆ. ಕರಿಸಿದ್ದಪ್ಪ ಮುಂದಕ್ಕೆ ಬಾಗಿ ದಾರಿ ಬಿಡುತ್ತಾನೆ. ಅವಳು ಕತ್ತು ತಿರುಗಿಸಿ ಅವನ ಬೆನ್ನ ಹಿಂದಿನ ಕಿಟಕಿಯಿಂದ ನೋಡುತ್ತಾಳೆ. ಅಷ್ಟಾದ ಮೇಲೂ "ಮಾವ?" ಅನ್ನುತ್ತಾಳೆ. ಆಪರೇಷನ್ ಆಗುವವರೆಗೂ ಅವನ ಉತ್ತರ ಒಂದೇ:

"ಗೊತ್ತಿಲ್ಲ. ನೀನೇ ನೋಡು."

ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೋ ನಾನು ಬರೆಯಲಾರೆ. ಎರಡನೇ ಸಲಕ್ಕೆ ಸಲೀಸಾಯಿತು ಅಂತ ಓಬಮ್ಮ ಹೇಳಿದಳು.

೮

ಮುಕ್ತಾಯ ಬೇಕಲ್ಲ. ಮೂರು ಬರೆದಿಟ್ಟಿದ್ದೆ. ಒಂದರಲ್ಲಿ ಬಸವೇಶ್, ಮೀನಾಕ್ಷಿ ಸಂತೆಯಲ್ಲಿ ಸಿಕ್ಕಿ ಕಂಬಳಿ ಕೊಳ್ಳುತ್ತಾರೆ. (ಸಿನಿಮಾ.) ಇನ್ನೊಂದರಲ್ಲಿ ಕರಿಸಿದ್ದಪ್ಪ ತಾನೇ ಡ್ರೈವಿಂಗ್ ಕಲಿಯುತ್ತಾನೆ. (ಓಬಮ್ಮ: "ಅಯ್ಯೋ ಬೇಡ್ರಿ ಮೇಡಮ್ಮಾರೆ!") ಮೂರನೆಯದು ನನಗೇ ಅರ್ಥವಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಣ್ಣಿಗೆ ಹನಿ ಹಾಕುವ ದಿನಗಳೆಲ್ಲ ಮುಗಿದು, ಇವತ್ತೇ ಮೊದಲ ಸಲ ಇಬ್ಬರೂ ವ್ಯಾಪಾರಕ್ಕೆ ಹೊರಟಿದ್ದರು. ಸಂಜೆ ನಮ್ಮ ಮನೆಗೆ ಬಂದು ಕಥೆಯ ಕೊನೆ ಏನೆಂದು ಹೇಳುವುದಾಗಿ ಮಾತಾಗಿತ್ತು. ಟೀಗೆ ನೀರಿಟ್ಟೆ. ನೀರು ಆರಿತು. ಫೋನ್ ಮಾಡಿದೆ.

"ಎಲ್ಲಿದ್ದೀರ ಓಬಕ್ಕ?"

"ರಾಮಗಿರಿ ಹತ್ರ ಐದೀವಿ. ಗಾಡಿ ಸೈಡಿಗೆ ಹಾಕಿದ್ದೀನಿ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ. ಮಾವ ಗುಡ್ಡ ನೋಡ್ತಾ ನಿಂತವ್ನೆ. ಒಂದೊಂದು ಕಲ್ಲೂ ಕಾಣ್ತೈತಂತೆ. ಮ್ಯಾಲೆ ಆಡು ಮೇಯ್ತಾವೆ, ಅವನ್ನ ನೋಡ್ತಾ ಅವ್ನೆ."

"ಮತ್ತೆ ಇಲ್ಲಿಗೆ ಯಾವಾಗ ಬರ್ತೀರಿ? ಕಥೆ ಮುಗಿಸಬೇಕು."

ಓಬಮ್ಮ ಫೋನನ್ನು ಸ್ವಲ್ಪ ದೂರ ಹಿಡಿದು ಕೇಳಿದಳು: "ಮಾವ, ಮೇಡಂ ಕೇಳ್ತಾವ್ರೆ. ಹೋಗಾಣಾ?"

ಗಾಳಿಯ ಸದ್ದು. ದೂರದಿಂದ ಅವನ ದನಿ:

"ತಡಿಯೇ. ಇನ್ನೂ ಆ ಕಡೆದು ನೋಡಿಲ್ಲ."